ಕನಕರಾಜುವಿನ ಸ್ವಂತ ವೋಟು

ಪಂಚಾಯ್ತಿ ಚುನಾವಣೆಯ ದಿನ ಬೆಳಿಗ್ಗೆ ರೊಟ್ಟಿ ಮುರಿಯುತ್ತ ಕನಕರಾಜು, ಈ ಸಲ ಶಶಿಕುಮಾರನೇ ಸರಿ ಎಂದುಬಿಟ್ಟ. ಹೆಂಡತಿ ಪ್ರಮೀಳಾ ಒಲೆಯ ಮುಂದಿನಿಂದಲೇ, "ಅದು ನಮ್ಮಣ್ಣ ಯೋಳಿದ್ ಮಾತು. ನಿಮ್ದು ಯಾವ್ದು?" ಎಂದಳು. ಕನಕರಾಜು ಬಾಯಿ ತೆರೆದ. ರೊಟ್ಟಿಯ ಚೂರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮದುವೆಗೆ ಮುಂಚೆ ಅಪ್ಪ ಹೇಳಿದವರಿಗೆ, ಆಮೇಲೆ ಭಾವಮೈದ ನಂಜಯ್ಯ ಹೇಳಿದವರಿಗೆ ಮುದ್ರೆ ಒತ್ತುತ್ತ ಬಂದವನು ಅವನು.

ಇವತ್ತು ತಾನೇ ವಿಚಾರಿಸಿ ತೀರ್ಮಾನ ಮಾಡಬೇಕೆಂದು ಹಟ ಹಿಡಿದ. ಬೀದಿಯ ಚರಂಡಿ ಕಟ್ಟಿಕೊಂಡು ನಾರುತ್ತಿತ್ತು. ಅದನ್ನೇ ಕೇಳಲು ಮೂವರು ಅಭ್ಯರ್ಥಿಗಳ ಮನೆಗೂ ಹೊರಟ.

ಶಶಿಕುಮಾರ ಕಾಫಿ ಕೊಟ್ಟು, ನಂಜಯ್ಯ ಒಪ್ಪಿದ ಮೇಲೆ ನಿನಗೇನು ಯೋಚನೆ ಎಂದು ಬೆನ್ನು ತಟ್ಟಿ ಕಳಿಸಿದ. ಶಿವಶಂಕರನೂ ಕಾಫಿ ಕೊಟ್ಟು ದಿಲ್ಲಿಯ ವಿಷಯ ತೆಗೆದ. ಆ ಮಾತು ತಾಲ್ಲೂಕು ಕೇಂದ್ರ ಹುಣಸೂರಿಗೇ ಬಂದು ಮುಟ್ಟಲಿಲ್ಲ, ಇನ್ನು ಚರಂಡಿ ಎಲ್ಲಿಯದು?

ಮೂರನೆಯವಳು ಲಕ್ಷ್ಮಿದೇವಿ, ನಟರಾಜುವಿನ ಹೆಂಡತಿ. ಕೊಟ್ಟಿಗೆ ಗುಡಿಸುತ್ತಿದ್ದವಳು, "ನಂಗೊತ್ತಿಲ್ಲ ಕಣಣ್ಣ, ನಡೀರಿ ನೋಡವ" ಎಂದು ಅವನ ಜೊತೆಯಲ್ಲೇ ಬಂದು, ಕೋಲಿನಿಂದ ಚರಂಡಿ ಕೆದಕಿ ನೋಡಿದಳು. ಕನಕರಾಜುವಿಗೆ ಅಷ್ಟೇ ಸಾಕಾಯಿತು.

ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಮತಗಟ್ಟೆಯ ಮುಂದೆ ಶಶಿಕುಮಾರ, ಶಿವಶಂಕರ ಎರಡೂ ಕಡೆಯವರು ಅವನನ್ನು ಪಕ್ಕದೂರಿನಿಂದ ಮೇಯಲು ಬಂದ ದನದಂತೆ ದಿಟ್ಟಿಸಿದರು. ನಂಜಯ್ಯ ಅಡ್ಡ ನಿಂತ.

"ಎಲ್ಡ್ ಮನೇಲೂ ಕಾಪಿ ಕುಡ್ದೋರ್ನ ಎಂಗ್ ನಂಬಾದು ಬಾವ? ನಾಳೆ ನಿಮ್ಮೊಲಕ್ಕೆ ನನ್ ಟ್ರ್ಯಾಕ್ಟ್ರು ಬರಾಕಿಲ್ಲ ಬುಡಿ."

ಉಳುವ ಹದ ಆರುತ್ತಿದ್ದ ಹೊಲ ಕಣ್ಣ ಮುಂದೆ ಬಂದು ಕನಕರಾಜು ಒಂದು ಗಳಿಗೆ ಅಳುಕಿದ. ಆದರೂ ಒಳಗೆ ಹೋಗಿ ಲಕ್ಷ್ಮಿದೇವಿಯ ಗುರುತಿನ ಮೇಲೆ ಮುದ್ರೆ ಒತ್ತಿ, ಮದುವಣಿಗನಂತೆ ಎದೆಯುಬ್ಬಿಸಿಕೊಂಡು ಹೊರಬಂದ.

ಸಂಜೆ ಡೇರಿಗೆ ಹಾಲು ಹಾಕಲು ಹೊರಟಿದ್ದ ಲಕ್ಷ್ಮಿದೇವಿ ಎದುರಾದಳು. ತಡೆಯಲಾರದೆ ಹೇಳಿಯೇಬಿಟ್ಟ. ಅವಳು ಹಾಲಿನ ಕ್ಯಾನು ಕೆಳಗಿಟ್ಟಳು.

"ಏನ್ ಕೆಲ್ಸ ಮಾಡ್ಬುಟ್ರಿ ಅಣ್ಣ? ಶಶಿಕುಮಾರಣ್ಣನ ಅರ್ಜಿ ಬಿದ್ದೋದ್ರೆ ಇರ್ಲಿ ಅಂತ ನಮ್ಮನೇವ್ರು ನನ್ನ ನಿಲ್ಸಿದ್ದು. ನನ್ ವೋಟೂ ಅವ್ರಿಗೇ ಆಕಿವ್ನಿ. ಎಣಿಸ್ದಾಗ ನಂಗೆ ಒಂದ್ ವೋಟು ಬಂದ್ರೆ, ಕದ್ದು ನಾನೇ ಆಕ್ಕಂಡೆ ಅಂತಾರೆ. ಬಂದು ನಮ್ಮನೇವ್ರಿಗೆ ನೀವೇ ಯೋಳಿ."

ಕನಕರಾಜು ಹಿಂದೆಗೆಯಲಿಲ್ಲ. ನೇರ ಅವಳ ಜೊತೆ ಹೋಗಿ, ಆ ಒಂದು ವೋಟು ತನ್ನದೆಂದು ನಟರಾಜುವಿಗೆ ಹೇಳಿದ. ನಟರಾಜು ಪೂರ್ತಿ ಕೇಳಿಸಿಕೊಂಡ.

"ಊರೋರ್ಯಾರೂ ಆಕ್ದಿರೋವಾಗ ನನ್ ಎಂಡ್ತಿಗೆ ನೀವ್ಯಾಕ್ ಆಕಿದ್ರಿ?"

"ನನ್ ಜೊತೆ ಚರಂಡಿ ನೋಡಕ್ಕೆ ಬಂದ್ರಲ್ಲ, ಅದ್ಕೆ."

ನಟರಾಜು ಹೆಂಡತಿಯನ್ನೊಮ್ಮೆ, ಕನಕರಾಜುವನ್ನೊಮ್ಮೆ ಅನುಮಾನದಿಂದ ನೋಡಿದ. ಪ್ರಮೀಳಾಳನ್ನು ಕರೆತರಲು ಆಳನ್ನು ಕಳಿಸಿದ.