ಕರಿಚಿರತೆಯ ಕೆಳಗಿನವಳು

ಡೆಲ್‌ಬರ್ಟನ ಎಡ ಮುಂಗೈ ಮೇಲೆ 'ಬರ್ನಡೆಟ್' ಎಂಬ ಹಚ್ಚೆಯಿತ್ತು. ಬರ್ನಡೆಟ್ ಕೈಕೊಟ್ಟು ಏಳು ವರ್ಷವಾದರೂ ಹೆಸರು ಮಾತ್ರ ಅಲ್ಲೇ ಠಿಕಾಣಿ ಹೂಡಿತ್ತು. ಸುಪೀರಿಯರ್ ಸರೋವರದ ದಂಡೆಯ ಈ ಊರಿಗೆ ಅವನು ಹಿಮ ತಳ್ಳುವ ಲಾರಿ ಓಡಿಸಲು ಬಂದದ್ದು ನವೆಂಬರಿನಲ್ಲಿ. ಆ ಚಳಿಯಲ್ಲಿ ಅಂಗಿಯ ತೋಳು ಮಡಚುವವರು ಯಾರು? ಅದೇ ಧೈರ್ಯದ ಮೇಲೆ ತಾನು ಮೆಚ್ಚಿದ ಈ ಊರಿನ ಹುಡುಗಿ ಕೈಸಾಗೆ, "ನಿನಗಿಂತ ಮುಂಚೆ ಯಾರೂ ಇರ್ಲಿಲ್ಲ ಕಣೇ" ಎಂದು ಆಣೆ ಇಟ್ಟಿದ್ದ. ಕೈಸಾಗೋ, ಸುಳ್ಳೆಂದರೆ ಮೈಯೆಲ್ಲ ಉರಿ.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಅವಳ ಫೋನು ಬಂತು. "ಸಂಜೆ ಆರಕ್ಕೆ ಅಪ್ಪ ನಿನ್ನನ್ನ ಸೌನಾಕ್ಕೆ ಕರೆದಿದಾರೆ! ಅಂದ್ರೆ ಮದುವೆಗೆ ಒಪ್ಪಿದ ಹಾಗೇ!"

ಕಾದ ಕಲ್ಲಿನ ಹಬೆಯಲ್ಲಿ ಗಂಡಸರೆಲ್ಲ ಹುಟ್ಟುಡುಗೆಯಲ್ಲಿ ಕೂರುವ ಆ ಮರದ ಕೋಣೆಯಲ್ಲಿ ಬರ್ನಡೆಟ್‌ಳನ್ನು ಎಲ್ಲಿ ಬಚ್ಚಿಡುವುದು? ಡೆಲ್ ಎದ್ದವನೇ ಊರಿನ ಏಕೈಕ ಹಚ್ಚೆಗಾರ ಗಸ್‌ನ ಅಂಗಡಿಗೆ ಓಡಿದ.

"ಹಳೇದನ್ನ ನುಂಗಬೇಕಾದ್ರೆ ಹೊಸದು ಅದಕ್ಕಿಂತ ದೊಡ್ಡದಿರ್ಬೇಕು, ಕಪ್ಪಗಿರ್ಬೇಕು," ಎಂದ ಗಸ್. "ಕರಿಚಿರತೆ ಹಾಕ್ತೀನಿ."

"ಹೆಸರು ಕಾಣಲ್ಲ ತಾನೆ?"

"ಅವಳೇ ಬಂದು ಹುಡುಕಿದ್ರೂ ಸಿಗಲ್ಲ ಬಿಡು."

ಐದು ಗಂಟೆ ಕಾಲ ಸೂಜಿ ಚುಚ್ಚಿಸಿಕೊಂಡದ್ದಾಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಚಿರತೆ ಮೈಚಾಚಿ ಮಲಗಿತು. "ಎರಡು ವಾರ ಹಬೆ ಗಿಬೆ ತಾಗಿಸ್ಬೇಡಪ್ಪ," ಎಂದು ಗಸ್ ಎಚ್ಚರಿಸಿದಾಗ ಡೆಲ್ ಗಡಿಯಾರ ನೋಡಿದ. ಐದೂವರೆ.

ಸೌನಾದಲ್ಲಿ ಭಾವೀ ಮಾವ ಊರ್ಹೋ, ಪಕ್ಕದ ಮನೆಯ ಟೋಯ್ವೋ ಇಬ್ಬರೂ ಮೊದಲೇ ಕುಳಿತಿದ್ದರು. ಊರ್ಹೋ ಕಲ್ಲಿಗೆ ನೀರು ಸುರಿದ. ಹಬೆ ಬಡಿದದ್ದೇ ತಡ, ಡೆಲ್‌ನ ಕೈಗೆ ಮೆಣಸಿನಪುಡಿ ಎರಚಿದಂತಾಯಿತು. ಹಲ್ಲು ಕಚ್ಚಿ ಕೂತ. ಊರ್ಹೋನ ಕಣ್ಣು ಅವನ ಕೈಮೇಲೆಯೇ ನೆಟ್ಟಿತ್ತು.

"ಚಿರತೆ," ಎಂದ ಊರ್ಹೋ ಕೊನೆಗೆ.

"ಹೂಂ. ಚಿಕ್ಕಂದಿನಿಂದ ನಂಗೆ ಚಿರತೆ ಅಂದ್ರೆ ಪ್ರಾಣ."

ಟೋಯ್ವೋ ಬೆನ್ನು ತಿರುಗಿಸಿದ. ಅವನ ಹೆಗಲ ಮೇಲೊಂದು ಕರಿಚಿರತೆ. ಊರ್ಹೋ ತೋಳೆತ್ತಿದ. ಅಲ್ಲೂ ಒಂದು! ಅದೇ ಎತ್ತಿದ ಪಂಜ, ಅದೇ ಸೊಟ್ಟ ಮೂತಿ.

"ಗಸ್‌ಗೆ ಮುಚ್ಚೋಕೆ ಬರೋದು ಇದೊಂದೇ ಕಣಯ್ಯಾ," ಟೋಯ್ವೋ ಕೇಕೆ ಹಾಕಿ ನಕ್ಕ. "ಈ ಊರಲ್ಲಿ ಚಿರತೆ ಅಂದ್ರೆ ಕೆಳಗೊಬ್ಬಳು ಇದಾಳೆ ಅಂತಾನೇ ಅರ್ಥ. ಊರ್ಹೋನ ಚಿರತೆ ಕೆಳಗಿರೋದು ನನ್ನ ತಂಗಿ ಹೆಸರು! ಆದ್ರೂ ಇಷ್ಟುದ್ದದ್ದು ನಾನು ಕಂಡಿರ್ಲಿಲ್ಲಪ್ಪ."

ಊರ್ಹೋ ಟವೆಲು ಸುತ್ತಿಕೊಂಡು ಹೊರನಡೆದ. ಡೆಲ್ ಒದ್ದೆ ಮೈಮೇಲೇ ಅಂಗಿ ಏರಿಸಿ ಅಡುಗೆಮನೆ ತಲುಪುವಷ್ಟರಲ್ಲಿ ಸುದ್ದಿ ಮುಟ್ಟಿಯಾಗಿತ್ತು.

"ತೋಳು ಮಡಚು," ಎಂದಳು ಕೈಸಾ. ನೋಡಿದಳು.

"ತಪ್ಪಾಯ್ತು ಕೈಸಾ. ಒಬ್ಬಳಿದ್ಳು. ಬರ್ನಡೆಟ್ ಅಂತ. ಒಬ್ಬಳೇ, ದೇವರಾಣೆ!"

"ಆವತ್ತೂ ದೇವರಾಣೆ ಅಂತಾನೇ ಅಂದಿದ್ದೆ. ಅಪ್ಪನ ಚಿರತೆ ಒಂದು ಗೇಣೂ ಇಲ್ಲ. ಒಬ್ಬಳಿಗೆ ಇಷ್ಟುದ್ದ ಬೇಕಾ? ಇನ್ನೊಬ್ಬಳ ಹೆಸರು ನಿಜ ಹೇಳು, ಕ್ಷಮಿಸಿಬಿಡ್ತೀನಿ. ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಇನ್ನೊಬ್ಬಳು ಇದ್ದರಲ್ಲವೇ ಹೇಳುವುದು! ಡೆಲ್ ಅಪ್ಪ, ಮಗಳು, ಬಾಗಿಲು ಮೂರನ್ನೂ ನೋಡಿದ. ಕೈಸಾಳನ್ನು ಕಳೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟ: "ವಿಲ್ಮಾ."

ಕೈಸಾ ನಿಟ್ಟುಸಿರುಬಿಟ್ಟು ಕಣ್ಣೊರೆಸಿಕೊಂಡಳು. ಕುರ್ಚಿ ಎಳೆದು ಅವನೆದುರು ಕೂತಳು.

"ಸರಿ. ಈಗ ಬಾಲದ ಕೆಳಗಿರೋಳ ಹೆಸರು ಹೇಳು."