ತುರ್ತು ನಾಣ್ಯ

ಬಸ್ ನಿಲ್ದಾಣದ ಸಾರ್ವಜನಿಕ ಶೌಚಾಲಯದಲ್ಲಿ ತಿಂಗಳ ಮೊದಲ ತಾರೀಖು ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ನಾಣ್ಯ ನಿಷೇಧ ಜಾರಿಗೆ ಬಂತು. ಆರು ಗಂಟೆ ಒಂದು ನಿಮಿಷಕ್ಕೆ ಒಬ್ಬರು ಕೈಯಲ್ಲಿ ನಾಣ್ಯ ಹಿಡಿದು ಓಡಿ ಬಂದರು. ಅವರನ್ನು ನಿಯಮದ ಪ್ರಕಾರ ತಡೆಯಲಾಯಿತು.

ತಡೆದವಳು ಮೇಜಕ್ಕ. ಹದಿನೆಂಟು ವರ್ಷ ಆ ಬಾಗಿಲ ಮುಂದೆ, ಒಂದು ಕಾಲು ಕುಂಟುವ ಮೇಜಿನ ಹಿಂದೆ ಕೂತೂ ಕೂತೂ ಅವಳ ನಿಜವಾದ ಹೆಸರು ಅವಳಿಗೇ ಮರೆತಂತಾಗಿತ್ತು. ಬಂದವರ ಮುಖ ನೋಡಿದರೆ ಸಾಕು, ಯಾರು ಚಿಲ್ಲರೆಗೆ ಚೌಕಾಸಿ ಮಾಡುವಷ್ಟು ಹೊತ್ತು ನಿಲ್ಲಬಲ್ಲರು, ಯಾರನ್ನು ಮೊದಲು ಒಳಗೆ ಬಿಟ್ಟು ಆಮೇಲೆ ಕಾಸು ಕೇಳಬೇಕು ಅನ್ನುವುದು ಅವಳಿಗೆ ಗೊತ್ತಾಗುತ್ತಿತ್ತು. ಆ ವಿದ್ಯೆಗೆಂದು ಸಂಬಳದಲ್ಲಿ ಏನೂ ಸೇರಿಸಿರಲಿಲ್ಲ. ಇದ್ದ ಸಂಬಳದಲ್ಲಿ ಅವಳದು, ಮಗಳದು, ಮಗಳ ಕೂಸಿನದು ಅಂತ ಮೂರು ಹೊಟ್ಟೆ ತುಂಬಬೇಕಿತ್ತು.

ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನು ಪಕ್ಕದಲ್ಲಿ ಕೂರುವ ಕೊಡೆ ರಿಪೇರಿಯವನು ಅವಳಿಗೆ ಓದಿ ಹೇಳಿದ.

“ಈ ಮೂಲಕ ಸಮಸ್ತ ಬಳಕೆದಾರರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಶುಲ್ಕವನ್ನು ಕಾರ್ಡಿನಿಂದ ಮಾತ್ರ ಪಾವತಿಸತಕ್ಕದ್ದು. ಶುಲ್ಕ ಒಂದು ಬಾರಿಗೆ ಐದು. ಯಂತ್ರವು ಐವತ್ತಕ್ಕಿಂತ ಕಡಿಮೆ ಮೊತ್ತವನ್ನು ಸ್ವೀಕರಿಸದ ಕಾರಣ ಪ್ರತಿಯೊಬ್ಬರೂ ಹತ್ತು ಬಾರಿಯ ಶುಲ್ಕವನ್ನು ಒಟ್ಟಿಗೆ ಕಟ್ಟತಕ್ಕದ್ದು. ಸದರಿ ಹತ್ತು ಬಾರಿಯನ್ನೂ ಅದೇ ದಿನ ಸಂಜೆ ಆರರೊಳಗೆ ಪೂರೈಸತಕ್ಕದ್ದು. ಪೂರೈಸಲಾಗದ ಬಾರಿಗಳನ್ನು ಬಂಧುಗಳಿಗೆ ಮಾತ್ರ ಬಿಟ್ಟುಕೊಡಬಹುದು. ಶುಲ್ಕವಿಲ್ಲದೆ ಒಬ್ಬರನ್ನು ಒಳಗೆ ಬಿಟ್ಟರೂ, ಮೇಜಿನ ಸಿಬ್ಬಂದಿಯ ಬಳಿ ಒಂದೇ ಒಂದು ನಾಣ್ಯ ಕಂಡುಬಂದರೂ, ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗುವುದು.”

ಕೊನೆಯ ವಾಕ್ಯವನ್ನು ಮೇಜಕ್ಕ ಎರಡು ಸಲ ಓದಿಸಿಕೊಂಡಳು.

“ಬಸ್ಸಿನವನು ಕಾರ್ಡು ತಗೋತಾನೇನಪ್ಪಾ?”

“ಎಲ್ಲಿ ತಗೋತಾನೆ? ಅವನಿಗೆ ಚಿಲ್ಲರೆನೇ ಆಗಬೇಕು. ಅವನದು ಬೇರೆ ಇಲಾಖೆ ಕಣಕ್ಕ.”

“ಹಂಗಾದ್ರೆ ಮನೆಗೆ ಹೋಗೋಕೆ ಹತ್ತರ ನಾಣ್ಯ ಒಂದು ಇಟ್ಕೊಳ್ಳಲೇಬೇಕಲ್ಲ.”

“ಇಟ್ಕೋ. ಕಂಡುಬಂದರೆ ಅಂತ ಬರೆದಿದ್ದಾರೆ, ಇದ್ದರೆ ಅಂತ ಬರೆದಿಲ್ಲ.”

ಅಂದಿನಿಂದ ಬೂಟಿನ ಸದ್ದು ಕೇಳಿದಾಗಲೆಲ್ಲ ಮೇಜಕ್ಕನ ಕೈ ಸೊಂಟದ ಸಂಚಿಯ ಮೇಲೆ ಹೋಗುತ್ತಿತ್ತು.

ಜನ ನಿಯಮಕ್ಕೆ ಬೇಗ ಒಗ್ಗಿಕೊಂಡರು. ನಿವೃತ್ತ ಮೇಷ್ಟರೊಬ್ಬರು ಐವತ್ತು ಕಟ್ಟಿ, ಒಂದು ಬಾರಿ ಒಳಗೆ ಹೋಗಿ ಬಂದು, ಇನ್ನೂ ಒಂಬತ್ತು ಉಳಿದಿದೆಯಲ್ಲ ಅಂತ ಬೆಂಚಿನ ಮೇಲೆ ಕೂತುಬಿಟ್ಟರು. ಮೂರು ಬಸ್ಸು ಬಿಟ್ಟರು. ನಾಲ್ಕು ಚೊಂಬು ನೀರು ಕುಡಿದರು. ಸಂಜೆ ಆರಕ್ಕೆ ಲೆಕ್ಕ ಎಂಟಕ್ಕೇ ನಿಂತಿತು. ಎರಡು ನಷ್ಟವಾದದ್ದನ್ನು ಮನೆಯಲ್ಲಿ ಹೇಳುವುದು ಹೇಗೆಂದು ಬಹಳ ನೊಂದುಕೊಂಡು ಹೋದವರು, ಮಾರನೇ ದಿನ ಬೆಳಿಗ್ಗೆಯೇ ಬಂದು ಮತ್ತೆ ಐವತ್ತು ಕಟ್ಟಿದರು.

ಕೊಡೆ ರಿಪೇರಿಯವನ ಹತ್ತಿರ ಕಾರ್ಡಿತ್ತು. ಅವನು ಐವತ್ತು ಕಟ್ಟಿ, ಹತ್ತು ಬಾರಿಯನ್ನು ಜೇಬಿಗೆ ಹಾಕಿಕೊಂಡು, ಬಾಗಿಲ ಪಕ್ಕ ಕೂತು ಕಾರ್ಡಿಲ್ಲದವರನ್ನೆಲ್ಲ ಬಂಧುಗಳನ್ನಾಗಿ ಮಾಡಿಕೊಳ್ಳತೊಡಗಿದ.

“ಹತ್ತು ಕೊಡಿ. ಒಳಗೆ ಹೋಗೋಕೆ ಐದು, ಸಂಬಂಧಕ್ಕೆ ಐದು.”

“ಏನು ಸಂಬಂಧ ಹಾಕ್ತೀಯ?”

“ನನಗಿಂತ ಚಿಕ್ಕವರು ಸೋದರಳಿಯ, ದೊಡ್ಡವರು ಭಾವ. ಹೆಂಗಸರಾದ್ರೆ ಎಲ್ಲರೂ ಅತ್ತಿಗೆ. ಬೇಗ ಹೇಳಿ, ಮುಂದಿನ ಭಾವ ಕಾಯ್ತಿದ್ದಾರೆ.”

ಆರು ತಿಂಗಳಲ್ಲಿ ಅವನಿಗೆ ಎರಡು ಸಾವಿರದ ನೂರ ನಲವತ್ತು ಸೋದರಳಿಯಂದಿರಾದರು. ಸಂಬಂಧಗಳನ್ನು ಬರೆದಿಡುವ ರಿಜಿಸ್ಟರು ನೋಡಿದ ಮೇಲಿನ ಕಚೇರಿ ತನ್ನ ವರದಿಯಲ್ಲಿ, ಯೋಜನೆಯಿಂದ ಕುಟುಂಬ ವ್ಯವಸ್ಥೆ ಗಮನಾರ್ಹವಾಗಿ ಬಲಗೊಂಡಿದೆ ಎಂದು ಬರೆಯಿತು.

ಆ ವರದಿಯನ್ನು ಕಣ್ಣಾರೆ ಪರಿಶೀಲಿಸಲು ನಾಣ್ಯ ನಿರ್ಮೂಲನಾ ಅಧಿಕಾರಿ ಎರಡು ಗಂಟೆ ಜೀಪಿನಲ್ಲಿ ಕುಲುಕಾಡುತ್ತಾ ಬಂದರು. ಪ್ರಕಟಣೆ ಬರೆದವರು ಅವರೇ. ಬೂಟಿನ ಸದ್ದಿಗೆ ಮೇಜಕ್ಕನ ಕೈ ಸಂಚಿಗೆ ಹೋಯಿತು.

“ಡ್ರಾಯರ್ ತೆಗಿ,” ಅಂದರು. ತೆಗೆದಳು. ಖಾಲಿ. “ಆ ಡಬ್ಬಿಯಲ್ಲೇನು...” ಅಂತ ಶುರುಮಾಡಿದವರು ಅರ್ಧಕ್ಕೇ ಸುಮ್ಮನಾದರು.

ಮೇಜಕ್ಕ ಅವರ ಮುಖ ನೋಡಿದಳು. ಹದಿನೆಂಟು ವರ್ಷದಲ್ಲಿ ಇಂಥ ಮುಖ ಅವಳು ಆರೋ ಏಳೋ ಸಲ ನೋಡಿದ್ದಳು, ಅಷ್ಟೇ.

“ಕಾರ್ಡು ಕೊಡಿ ಸಾರ್, ಬೇಗ.”

ಕೊಟ್ಟರು. ಯಂತ್ರ ಕಾರ್ಡು ನುಂಗಿಕೊಂಡು ‘ಸಂಪರ್ಕಿಸಲಾಗುತ್ತಿದೆ, ದಯವಿಟ್ಟು ಕಾಯಿರಿ’ ಅಂದಿತು. ಕಾದರು. ಮತ್ತೆ ಕಾಯಿರಿ ಅಂದಿತು.

“ಹಾಗೇ ಬಿಡು ತಾಯಿ. ಆಮೇಲೆ ಕಟ್ತೀನಿ.”

“ಶುಲ್ಕ ಇಲ್ಲದೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ ಸಾರ್. ಗೋಡೆ ಮೇಲಿದೆ.”

ಅಧಿಕಾರಿಗಳು ಕಾಲಿಗೆ ಕಾಲು ಹೆಣೆದುಕೊಂಡು ಕೊಡೆ ರಿಪೇರಿಯವನ ಕಡೆ ತಿರುಗಿದರು.

“ನಿಮ್ಮನ್ನ ಅಳಿಯ ಮಾಡ್ಕೊಳ್ಳೋಕೆ ನನ್ನದೇನೂ ಅಡ್ಡಿಯಿಲ್ಲ ಸಾರ್,” ಅಂದ ಅವನು. “ಹತ್ತು ಕೊಟ್ಟುಬಿಡಿ. ಪುಕ್ಕಟೆ ಸಂಬಂಧ ಬಾಳಿಕೆ ಬರಲ್ಲ.”

ಅವರ ಜೇಬಿನಲ್ಲಿ ನಾಲ್ಕು ಬಗೆಯ ಕಾರ್ಡಿದ್ದವು. ನಾಣ್ಯ ಇರಲಿಲ್ಲ. ಹುದ್ದೆಗೆ ಅದು ಶೋಭೆಯಲ್ಲವೆಂದು ಅವರು ಎರಡು ವರ್ಷದಿಂದ ನಾಣ್ಯ ಮುಟ್ಟಿರಲಿಲ್ಲ.

“ನಿನ್ನ ಹತ್ರ ಇದೆಯಾ ತಾಯಿ?”

ಮೇಜಕ್ಕ ಸಂಚಿಯನ್ನು ಮುಟ್ಟಿ ನೋಡಿಕೊಂಡಳು. ಇದೆ ಅಂದರೆ ಕೆಲಸ ಹೋಯಿತು. ಇಲ್ಲ ಅಂದರೆ ಈ ಮನುಷ್ಯನ ಮಾನ ಹೋಯಿತು. ಅವಳು ಇಷ್ಟು ವರ್ಷ ಕೂತಿದ್ದದ್ದೇ ಬಂದವರ ಮಾನ ಉಳಿಸುವುದಕ್ಕೆ.

“ಇರಬಹುದು ಸಾರ್. ತೆಗೆದರೆ ಕಂಡುಬರುತ್ತೆ. ತೆಗೀಬಹುದು ಅಂತ ಬರೆದುಕೊಡಿ.”

ಅಧಿಕಾರಿಗಳು ಮೇಜಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಬರೆದರು. “ಕೆಳಗೆ ಸಹಿ ಮಾಡಿರುವ ನಾನು, ತುರ್ತು ಪರಿಸ್ಥಿತಿಯನ್ನು ಖುದ್ದಾಗಿ ಅನುಭವಿಸಿ ಮನವರಿಕೆಯಾದ ಮೇರೆಗೆ, ಸದರಿ ನಾಣ್ಯವನ್ನು ನಾಣ್ಯವಲ್ಲವೆಂದು ಘೋಷಿಸಿರುತ್ತೇನೆ.”

ಕೊಡೆಯವನು ಗಟ್ಟಿಯಾಗಿ, ನಿಧಾನವಾಗಿ ಓದಿ ಹೇಳಿದ.

“ಸೀಲು ಸಾರ್?” ಅಂದಳು ಮೇಜಕ್ಕ.

“ಜೀಪಿನಲ್ಲಿದೆ.”

“ನಾನೇ ತರ್ತಿದ್ದೆ. ಮೇಜು ಬಿಟ್ಟು ಏಳೋ ಹಾಗಿಲ್ಲವಲ್ಲ.”

ಅಧಿಕಾರಿಗಳು ಪುಟ್ಟ ಪುಟ್ಟ ಹೆಜ್ಜೆ ಇಟ್ಟುಕೊಂಡು ಹೋಗಿ ಸೀಲು ತಂದರು. ಸೀಲು ಬಿತ್ತು. ನಾಣ್ಯ ಸಂಚಿಯಿಂದ ಅಧಿಕಾರಿಗೆ, ಅಧಿಕಾರಿಯಿಂದ ಕೊಡೆಯವನಿಗೆ ದಾಟಿತು. ಎರಡು ಸಾವಿರದ ನೂರ ನಲವತ್ತೊಂದನೇ ಸೋದರಳಿಯ ಒಳಗೆ ಹೋದ.

ಅಂದು ಸಂಜೆ ಮೇಜಕ್ಕ ಮನೆಗೆ ನಡೆದುಕೊಂಡೇ ಹೋದಳು. ನಾಣ್ಯವಿದ್ದ ಜಾಗದಲ್ಲಿ ಸೀಲು ಬಿದ್ದ ಕಾಗದವಿತ್ತು. ದಾರಿಯುದ್ದಕ್ಕೂ ಕೈ ಅದರ ಮೇಲೇ ಇತ್ತು.

ಸೀಲು ಬಿದ್ದ ಆದೇಶವನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಅದನ್ನು ಎಲ್ಲರಿಗೂ ವಿಸ್ತರಿಸಲಾಯಿತು. ತುರ್ತಿನಲ್ಲಿ ಕೊಟ್ಟ ನಾಣ್ಯ ನಾಣ್ಯವಲ್ಲ. ತುರ್ತು ಎಷ್ಟೆಂಬುದನ್ನು ಮೇಜಿನ ಸಿಬ್ಬಂದಿ ಮುಖ ನೋಡಿ ದೃಢೀಕರಿಸತಕ್ಕದ್ದು. ಇದಕ್ಕೆಂದು ಮೇಜಕ್ಕನಿಗೆ ಮೂರು ಸೀಲು ಬಂದವು. ‘ಅತಿ’ ಬಿದ್ದವರು ನಾಣ್ಯ ಕೊಟ್ಟು ಕೂಡಲೇ ಒಳಗೆ. ‘ಮಧ್ಯಮ’ದವರು ಹದಿನೈದು ನಿಮಿಷ ಕಾದು ನಾಣ್ಯ. ‘ಅಲ್ಪ’ದವರು ಕಾರ್ಡು. ನಾಣ್ಯ ನಾಣ್ಯವಲ್ಲದೆ ಹೋದದ್ದರಿಂದ ನಿಲ್ದಾಣ ನೂರಕ್ಕೆ ನೂರು ನಾಣ್ಯಮುಕ್ತವೆಂದು ಘೋಷಣೆಯಾಗಿ, ಗೋಡೆಗೆ ಒಂದು ಫಲಕ ಬಂತು. ಬಂಧುಗಳನ್ನೆಲ್ಲ ಕಳೆದುಕೊಂಡ ಕೊಡೆ ರಿಪೇರಿಯವನು ಈಗ ಹತ್ತು ತೆಗೆದುಕೊಂಡು ‘ಅತಿ’ ಮುಖ ಮಾಡುವುದನ್ನು ಕಲಿಸುತ್ತಾನೆ.

ಮರುವರ್ಷ ಅಧಿಕಾರಿಗಳು ಮತ್ತೆ ಪರಿಶೀಲನೆಗೆ ಬಂದರು. ಈ ಸಲ ಅಂಗೈಯಲ್ಲಿ ಐದರ ನಾಣ್ಯವಿತ್ತು. ಮೇಜಕ್ಕ ಮುಖ ನೋಡಿ ನಡುವಿನ ಸೀಲು ಎತ್ತಿಕೊಂಡಳು.

“ಮಧ್ಯಮ ಸಾರ್.”

“ಅತಿ ಅಲ್ವಾ ತಾಯಿ?”

“ಅತಿ ಇದ್ದ ದಿನ ನೀವು ಪ್ರಶ್ನೇನ ಅರ್ಧಕ್ಕೇ ಬಿಟ್ಟಿದ್ರಿ.”

ಅಧಿಕಾರಿಗಳು ಯೋಚಿಸಿ ನೋಡಿದರು. ನಿಜ ಅನ್ನಿಸಿತು. ಬೆಂಚಿಗೆ ಹೋಗಿ ನಿವೃತ್ತ ಮೇಷ್ಟರ ಪಕ್ಕ ಕೂತರು. ಮೇಷ್ಟರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟು, ಚೊಂಬು ಮುಂದೆ ಮಾಡಿದರು.

“ನನಗೆ ಇನ್ನು ನಾಲ್ಕು ಬಾಕಿ,” ಅಂದರು. “ನಿಮಗೆ?”