ಜ್ವರಕ್ಕೆ ಕೂತ ಕಂಪ್ಯೂಟರು

ನಮ್ಮ ದೊಡ್ಡಮ್ಮ ಕಂಪ್ಯೂಟರಿಗೆ ಸುಣ್ಣ ಹೊಡೆದವಳು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ! ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಅದರ ತಲೆಯ ಮೇಲೆ ಹಿಡಿದು, ತಟ್ಟಿ ತಟ್ಟಿ ಉದುರಿಸಿದವಳು. ಯಾಕೆ ಅಂತ ಕೇಳಿದರೆ ಉತ್ತರವೂ ಅವಳ ಹತ್ತಿರ ಇತ್ತು. ಅವಳ ಹತ್ತಿರ ಉತ್ತರ ಇಲ್ಲದ ಪ್ರಶ್ನೆಯನ್ನು ನಾನು ಇದುವರೆಗೆ ಕಂಡಿಲ್ಲ. ಉತ್ತರ ಸರಿಯೋ ತಪ್ಪೋ, ಅದು ಬೇರೆ ವಿಚಾರ.

ದೊಡ್ಡಮ್ಮ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡ ಮೇಲೆ ಶ್ರೀನಿವಾಸಪುರದ ಕಡೆಯ ನಮ್ಮೂರ ಮನೆಗೆ ಯಜಮಾನಿ ಅವಳೇ. ಮಾತಾಡೋದು ಕನ್ನಡ, ಬೈಯೋದು ತೆಲುಗು, ರೇಷ್ಮೆ ಹುಳದ ಜೊತೆ ಮಾತ್ರ ಪಿಸುಮಾತು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಹುಳಗಳ ಕಾನೂನಿನ ಮೇಲೆ. ಹುಳ ಇದ್ದಷ್ಟು ದಿನ ಒಗ್ಗರಣೆಗೆ ಮೆಣಸಿನಕಾಯಿ ಹಾಕುವಂತಿಲ್ಲ, ಘಾಟು! ಜೋರಾಗಿ ಮಾತಾಡುವಂತಿಲ್ಲ. ಅಪ್ಪ ಬೀಡಿ ಸೇದಬೇಕೆಂದರೆ ಹಿತ್ತಲು ದಾಟಿ ಹುಣಸೆ ಮರದ ಆಚೆ ಹೋಗಬೇಕು. ನೆಂಟರಿಗೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಕೊಟ್ಟರೆ ಅವರು ‘ಎಷ್ಟು ಮರ್ಯಾದಸ್ಥರು’ ಅಂದುಕೊಳ್ಳುತ್ತಿದ್ದರು. ಪಾಪ, ಅವರ ಕಾಲಿನಿಂದ ಹುಳಕ್ಕೆ ರೋಗ ಬಾರದಿರಲಿ ಅಂತ ಕೊಡುತ್ತಿದ್ದದ್ದು!

ಇಂಥ ಮನೆಯಲ್ಲಿ ನಾನು ಬಿ.ಕಾಂ. ಮಾಡಿದೆ. ಬೆಳಿಗ್ಗೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕೋಲಾರಕ್ಕೆ ಹೋಗಿ ಓದಿದ ಡಿಗ್ರಿ ಅದು. ನಮ್ಮ ವಂಶದಲ್ಲೇ ಮೊದಲನೆಯದು. ಈಗಲೂ ಹೇಳಿಕೊಳ್ಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಆದರೆ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿಗೆ ಕೆಲಸ ಕೇಳಿಕೊಂಡು ಹೋದಾಗ ಮ್ಯಾನೇಜರು ನನ್ನ ಮಾರ್ಕ್ಸ್ ಕಾರ್ಡನ್ನು ನೋಡಲೇ ಇಲ್ಲ. “ಕಂಪ್ಯೂಟರ್ ಬರುತ್ತೇನಮ್ಮಾ?” ಅಂದರು. ಎಲ್ಲಿಂದ ಬರಬೇಕು? ನಾನು ಕಂಪ್ಯೂಟರನ್ನು ನೋಡಿದ್ದು ಬ್ಯಾಂಕಿನ ಗಾಜಿನ ಆಚೆ, ಅದೂ ಅದರ ಬೆನ್ನನ್ನು! “ಕಲ್ತುಕೊಂಡು ಯುಗಾದಿ ಒಳಗೆ ಬಾ, ನೋಡೋಣ” ಅಂದರು.

ಮನೆಗೆ ಬಂದು ಹೇಳಿದೆ. ಅಪ್ಪನದು ಒಂದೇ ಮಾತು: “ಇವಳು ಓದಿ ಕಡಿದು ಕಟ್ಟೆ ಹಾಕಿದ್ದು ಕಾಣ್ತಾ ಐತಲ್ಲ. ಚಿಕ್ಕವಳಿಗೆ ಹತ್ತನೇ ಕ್ಲಾಸೇ ಸಾಕು.”

ಚಿಕ್ಕವಳು ಅಂದರೆ ನನ್ನ ತಂಗಿ. ಆ ವರ್ಷ ಹತ್ತನೇ ಕ್ಲಾಸಿನಲ್ಲಿದ್ದಳು. ಊಟದ ತಟ್ಟೆ ಮುಂದೆ ಕೂತಿದ್ದವಳು ನನ್ನ ಮುಖ ನೋಡಿದಳು. ನನಗೆ ಕೆಲಸ ಸಿಕ್ಕರೆ ಅವಳಿಗೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಅಪ್ಪ ಮತ್ತೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ದೊಡ್ಡಮ್ಮ ಸಾರು ಬಡಿಸುತ್ತಾ ಕೇಳಿದಳು: “ಅದೇನೇ ಬರಲ್ಲ ಅಂದಿದ್ದು ನಿನಗೆ?”

“ಕಂಪ್ಯೂಟರು ದೊಡ್ಡಮ್ಮ.”

“ಅಷ್ಟೇನಾ? ಈ ಸಲ ಗೂಡು ಚೆನ್ನಾಗಿ ಬಂದೈತೆ. ಮನೆಗೇ ತರೋಣ. ಮನೇಲಿ ಇದ್ರೆ ತಾನಾಗೇ ಬರ್ತೈತೆ.”

ಹೀಗೆ ನಾವಿಬ್ಬರೂ ಕೋಲಾರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲಿನ ಅಂಗಡಿ. ಕಂಪನಿ ಕಂಪ್ಯೂಟರು ನಮ್ಮ ಕೈಗೆ ಎಟುಕುವಂಥದ್ದಲ್ಲ, ಬಿಡಿಭಾಗ ತಂದು ಜೋಡಿಸಿಕೊಡುವಂಥದ್ದೇ ನಮಗೆ ಗತಿ. ಅಂಗಡಿಯವನು ಸಿಪಿಯು ಡಬ್ಬವನ್ನು ಮೇಜಿನ ಮೇಲಿಟ್ಟು ರ‍್ಯಾಮು, ಹಾರ್ಡ್ ಡಿಸ್ಕು ಅಂತ ಶುರುಮಾಡಿದ. ದೊಡ್ಡಮ್ಮ ಸೆರಗು ಸಿಕ್ಕಿಸಿದಳು. ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಅಲ್ಲಾಡಿಸಿದಳು!

ಅಂಗಡಿಯವನ ಜೀವ ಬಾಯಿಗೆ ಬಂತು. “ಅಮ್ಮಾ! ಅಮ್ಮಾ! ಏನ್ ಮಾಡ್ತಾ ಇದೀರಿ?”

“ಒಳಗೆ ಸದ್ದೇ ಇಲ್ಲವಲ್ಲಪ್ಪಾ. ಇದು ಸತ್ತೈತೆ. ಬೇರೆ ಕೊಡು.”

ಗೂಡಿನ ಮಾರ್ಕೆಟ್ಟಿನಲ್ಲಿ ಹಾಗೇ ನೋಡುವುದು. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು, ಆಗ ಹುಳ ಚೆನ್ನಾಗಿದೆ ಅಂತ. ಸದ್ದಿಲ್ಲದಿದ್ದರೆ ಒಳಗೇ ಸತ್ತು ಅಂಟಿಕೊಂಡಿದೆ ಅಂತ.

“ಸದ್ದು ಬಂದ್ರೇನೇ ಅಮ್ಮಾ ಕೆಟ್ಟಿರೋದು!” ಅಂತ ಅವನು ಅಳುವ ಹಾಗೆ ಹೇಳಿದ.

ದೊಡ್ಡಮ್ಮ ನನ್ನ ಕಡೆ ತಿರುಗಿ, ಅವನಿಗೆ ಕೇಳಿಸುವ ಹಾಗೇ, “ವ್ಯಾಪಾರದೋನು ಇನ್ನೇನು ಹೇಳ್ತಾನೆ!” ಅಂದಳು.

ಆದರೂ ಅದನ್ನೇ ಕೊಂಡೆವು. ಆಗ ಹೊಸ ತಕರಾರು ಎದ್ದಿತು. ಮಧ್ಯಾಹ್ನದ ಬಿಸಿಲು, ಈಗ ಒಯ್ಯುವಂತಿಲ್ಲ! ಎಳೆಯ ಹುಳಗಳನ್ನು ತಂಪು ಹೊತ್ತಿನಲ್ಲೇ ಸಾಗಿಸಬೇಕು, ಒದ್ದೆ ಬಟ್ಟೆ ಹೊದಿಸಿ. ಒದ್ದೆ ಬಟ್ಟೆ ಅನ್ನುವ ಮಾತು ಕೇಳಿ ಅಂಗಡಿಯವನು ಕೈ ಮುಗಿದ. ಕೊನೆಗೆ ಒಣಸೀರೆಗೆ ಒಪ್ಪಂದವಾಯಿತು. ಬಿಸಿಲು ಇಳಿಯುವವರೆಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದೆವು. ಸಂಜೆ ಬಸ್ಸಿನಲ್ಲಿ ಮಾನಿಟರನ್ನು ಸೀರೆಯಲ್ಲಿ ಸುತ್ತಿ ದೊಡ್ಡಮ್ಮ ತೊಡೆ ಮೇಲಿಟ್ಟುಕೊಂಡಳು. ಆ ಕಾಲದ ಮಾನಿಟರು, ಹಿಂದೆ ಗೂನು ಬೆನ್ನು, ಕಲ್ಲಿನಂಥ ಭಾರ.

“ಲಗೇಜ್ ಟಿಕೆಟ್ ತಗೊಳಮ್ಮಾ” ಅಂದ ಕಂಡಕ್ಟರು.

“ತೊಡೆ ಮೇಲಿರೋದಕ್ಕೂ ಟಿಕೆಟ್ಟೇನಪ್ಪಾ? ನಿಮ್ಮಮ್ಮ ನಿನ್ನ ಎತ್ಕೊಂಡು ಬಂದಾಗ ಲಗೇಜ್ ಕೊಟ್ಟಿದ್ಲಾ?”

ಇಡೀ ಬಸ್ಸು ನಕ್ಕಿತು. ಕಂಡಕ್ಟರು ಮುಂದೆ ಹೋದ.

ಇನ್ನು ಕಂಪ್ಯೂಟರನ್ನು ಎಲ್ಲಿಡುವುದು? ಅದಕ್ಕೆ ಎರಡು ಮಾತಿಲ್ಲ, ಹುಳುಮನೆಯಲ್ಲೇ! ನಮ್ಮ ಮನೆಯಲ್ಲಿ ಸಿಮೆಂಟ್ ನೆಲ, ಕಿಟಕಿಗೆ ಬಲೆ, ಧೂಳಿಲ್ಲದ ಗೋಡೆ ಇದ್ದದ್ದು ಹುಳಗಳಿಗೆ ಮಾತ್ರ. ನಾವು ಮನುಷ್ಯರು ಪಕ್ಕದ ಮಣ್ಣಿನ ನೆಲದಲ್ಲಿ ಮಲಗುತ್ತಿದ್ದೆವು. ಮಾರನೆಯ ದಿನ ಅಂಗಡಿಯವನು ವೈರು ಜೋಡಿಸಲು ಬಂದ. ಬಾಗಿಲಲ್ಲೇ ದೊಡ್ಡಮ್ಮ ತಡೆದಳು.

“ಸೆಂಟು ಹಾಕ್ಕೊಂಡು ಬಂದಿದೀಯಾ?”

“ಸ್ವಲ್ಪ ಪೌಡರ್ ಅಷ್ಟೇ ಅಮ್ಮಾ.”

“ಹುಳ ತಲೆ ತಿರುಗಿ ಬೀಳ್ತವೆ. ಹೋಗು, ಬಚ್ಚಲಲ್ಲಿ ಬಿಸಿನೀರೈತೆ.”

ಅವನು ಮೀಸೆ ಹೊತ್ತ ಗಂಡಸು, ಕೋಲಾರದಲ್ಲಿ ಎಷ್ಟೋ ಆಫೀಸುಗಳಿಗೆ ಕಂಪ್ಯೂಟರು ಕೊಟ್ಟವನು. ನಮ್ಮ ಬಚ್ಚಲಲ್ಲಿ ಸ್ನಾನ ಮಾಡಿ, ಅಪ್ಪನ ಪಂಚೆ ಉಟ್ಟುಕೊಂಡು ಒಳಗೆ ಬಂದ. ಬಂದವನು ಮೇಜಿನ ಕೆಳಗೆ ನೋಡಿ ಅಲ್ಲೇ ನಿಂತ. ಮೇಜಿನ ನಾಲ್ಕು ಕಾಲುಗಳೂ ನೀರು ತುಂಬಿದ ಬಟ್ಟಲುಗಳಲ್ಲಿ ಮುಳುಗಿದ್ದವು!

“ಅಮ್ಮಾ, ಕರೆಂಟಿನ ಸಾಮಾನು! ನೀರ್ ಯಾಕೆ?”

“ಇರುವೆ ಹತ್ತದೆ ಇರ್ಲಿ ಅಂತ. ನನ್ನ ಹುಳದ ಸ್ಟ್ಯಾಂಡಿಗೂ ಹಾಗೇ ಇಟ್ಟಿದೀನಿ, ನೋಡು. ಒಂದಾದ್ರೂ ಇರುವೆ ಐತಾ?”

“ಕಂಪ್ಯೂಟರನ್ನ ಇರುವೆ ತಿನ್ನಲ್ಲಮ್ಮಾ.”

“ಇರುವೆಗೆ ಅದು ಗೊತ್ತಾ?” ಅಂದಳು ದೊಡ್ಡಮ್ಮ.

ಅವನು ವೈರುಗಳನ್ನೆಲ್ಲ ಮೇಲಕ್ಕೆತ್ತಿ ಗೋಡೆಯ ಮೊಳೆಗೆ ಕಟ್ಟಿದ. ಮೌಸು ಹಿಡಿಯುವುದು, ಲೆಕ್ಕದ ಪಟ್ಟಿ ಮಾಡುವುದು, ಟೈಪು ಕಲಿಯುವುದು ಎಲ್ಲ ತೋರಿಸಿಕೊಟ್ಟು, ಪೌಡರಿಲ್ಲದೆ ಊರಿಗೆ ಹೋದ.

ಶುರುವಾಯಿತು ನನ್ನ ವಿದ್ಯಾಭ್ಯಾಸ. ಒಂದು ಕಡೆ ತಟ್ಟೆತಟ್ಟೆ ಹುಳಗಳು, ಇನ್ನೊಂದು ಕಡೆ ನಾನು. ಸೊಪ್ಪು ಹಾಕಿದ ಕೂಡಲೇ ಅವು ತಿನ್ನಲು ಶುರುಮಾಡಿದರೆ ಒಳಗೆಲ್ಲ ಸೋನೆಮಳೆ ಬಿದ್ದ ಹಾಗೆ ಸರಸರ ಸದ್ದು. ನನ್ನ ಕೀಬೋರ್ಡಿನಿಂದ ಮಾತ್ರ ಟಕ್... ಅಂತ ಒಂದು, ಹುಡುಕಾಡಿ ಇನ್ನೊಂದು ಟಕ್. “ನಿನ್ನ ಹುಳ ಸರಿಯಾಗಿ ತಿಂತಾ ಇಲ್ಲ ಕಣೇ” ಅಂತ ದೊಡ್ಡಮ್ಮ ಆ ಕಡೆಯಿಂದ ಕೂಗುತ್ತಿದ್ದಳು.

ಒಂದು ದಿನ ಕಂಪ್ಯೂಟರು ನಿಂತೇ ಹೋಯಿತು. ಅಗ್ಗದ ಮಾಲು, ಅದರ ಯೋಗ್ಯತೆ ಅಷ್ಟೇ. ಪರದೆ ಮೇಲೆ ಬಾಣ ಹೋಗಿ ಮರಳಿನ ಗಡಿಯಾರ ಬಂತು. ನಾನು ಗಾಬರಿಯಾಗಿ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದೆ. ದೊಡ್ಡಮ್ಮ ಓಡಿಬಂದು ನನ್ನ ಕೈ ಹಿಡಿದಳು.

“ಮುಟ್ಬೇಡ್ವೇ! ಜ್ವರಕ್ಕೆ ಕೂತೈತೆ.”

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೈ ಬೆಳೆದು ಹಳೇ ಚರ್ಮ ಸಾಲದೆ ಬರುತ್ತದಲ್ಲ, ಆಗ. ತಿನ್ನುವುದಿಲ್ಲ, ಹರಿದಾಡುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಆಗ ಅದನ್ನು ಮುಟ್ಟಿದರೆ ಸಾಯುತ್ತದೆ. ಮುಟ್ಟದೆ ಬಿಟ್ಟರೆ ಪೊರೆ ಕಳಚಿ ತಾನಾಗಿ ಏಳುತ್ತದೆ. ಜ್ವರದಲ್ಲಿರುವಾಗ ಅದರ ಸೊಪ್ಪಿನ ಹಾಸಿಗೆ ಒಣಗಿರಲಿ ಅಂತ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಈಗ ಗೊತ್ತಾಯಿತಲ್ಲ, ಕಂಪ್ಯೂಟರಿಗೆ ಸುಣ್ಣ ಯಾಕೆ ಬಿತ್ತು ಅಂತ!

ದುರದೃಷ್ಟ ನೋಡಿ, ಸುಣ್ಣ ಬಿದ್ದ ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಎದ್ದುಬಿಟ್ಟಿತು. ಇನ್ನು ಕೇಳಬೇಕೆ? ಆಮೇಲೆ ಅದು ನಿಂತಾಗಲೆಲ್ಲ ದೊಡ್ಡಮ್ಮ ಬೆಳಕು ಬೀಳದಿರಲಿ ಅಂತ ಕಿಟಕಿಗೆ ಗೋಣಿಚೀಲ ಇಳಿಬಿಡುತ್ತಿದ್ದಳು. ನೋಡಲು ಬಂದ ಅಕ್ಕಪಕ್ಕದವರು ಬಾಯಿ ಮೇಲೆ ಬೆರಳಿಟ್ಟುಕೊಂಡು, ಮರಳಿನ ಗಡಿಯಾರವನ್ನು ನೋಡುತ್ತಾ, ದೇವರ ಮನೆಯಲ್ಲಿ ನಿಂತ ಹಾಗೆ ನಿಲ್ಲುತ್ತಿದ್ದರು. ನಾನೂ ಕೈ ಕಟ್ಟಿಕೊಂಡು ಕೂರುತ್ತಿದ್ದೆ. ನನಗೆ ಅದೇ ರೂಢಿಯಾಯಿತು.

ಆ ರೂಢಿಯೇ ನನ್ನನ್ನು ಹಾಳುಮಾಡಿದ್ದು. ಯುಗಾದಿ ಹತ್ತಿರ ಬಂತು, ಮಾಲೂರಿಗೆ ಹೋದೆ. ಮ್ಯಾನೇಜರು ಒಂದು ಬಿಲ್ಲು ಕೊಟ್ಟು, “ಇದನ್ನ ಪಟ್ಟಿ ಮಾಡಮ್ಮಾ, ನಾನೊಂದು ಸುತ್ತು ಗೂಡಿನ ಕಡೆ ಹೋಗಿಬರ್ತೀನಿ” ಅಂತ ಹೆಂಚು ಸುಡುವ ಕಡೆ ಹೋದರು. ಅರ್ಧ ಟೈಪು ಮಾಡಿದ್ದೆ, ಆ ಕಂಪ್ಯೂಟರೂ ನಿಂತಿತು. ನಾನು ಮೆಲ್ಲಗೆ ಕೈ ತೆಗೆದೆ. ಉಸಿರು ಬಿಗಿಹಿಡಿದು ಕೂತೆ. ಅವರು ವಾಪಸು ಬಂದರೂ ಹಾಗೇ ಕೂತಿದ್ದೆ.

“ಯಾಕಮ್ಮಾ ಸುಮ್ನೆ ಕೂತಿದೀಯಾ?”

ಬಾಯಿ ತಪ್ಪಿ ಬಂದೇಬಿಟ್ಟಿತು: “ಜ್ವರಕ್ಕೆ ಕೂತಿದೆ ಸಾರ್.”

ಆಫೀಸಿಗೆ ಆಫೀಸೇ ನಕ್ಕಿತು. ಮ್ಯಾನೇಜರು ಬಗ್ಗಿ ಗುಂಡಿ ಒತ್ತಿ ಆರಿಸಿ, ಮತ್ತೆ ಹಚ್ಚಿದರು. ಅಷ್ಟೇ! “ಇದೂ ಗೊತ್ತಿಲ್ವಾ? ಇನ್ನೊಂದು ತಿಂಗಳು ಕಲ್ತುಕೊಂಡು ಬಾಮ್ಮಾ” ಅಂದರು. ಒಳ್ಳೆಯ ಮನುಷ್ಯರೇ. ಆದರೆ ಆ ನಗು ನನ್ನ ಬೆನ್ನ ಹಿಂದೆ ಬಸ್ಸಿನವರೆಗೂ ಬಂತು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ದೊಡ್ಡಮ್ಮನ ಮುಖ ಸಪ್ಪಗಾಯಿತು. “ಜ್ವರದಲ್ಲಿದ್ದಾಗಲೇ ಆರಿಸಿಬಿಟ್ರಾ? ಅಯ್ಯೋ, ಪಾಪದ್ದು!” ಅಂದಳು. ಅವಳ ಮರುಕವೆಲ್ಲ ಮಾಲೂರಿನ ಕಂಪ್ಯೂಟರಿನ ಮೇಲೆ!

ನಾನು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿಬಿಟ್ಟೆ. ಊಟ ಬೇಡ, ಮಾತು ಬೇಡ. ತಂಗಿ ಬಂದು ಹತ್ತಿರ ಕೂತು, ಹೊದಿಕೆ ಸರಿಮಾಡಿ ಎದ್ದು ಹೋದಳು. ಮಾರನೆಯ ದಿನವೂ ಹಾಗೇ. ಸಂಜೆ ಜಗಲಿಯಲ್ಲಿ ಅಪ್ಪನ ದನಿ ಕೇಳಿಸಿತು.

“ಆಯ್ತು ಬಿಡತ್ತಿಗೆ. ಓದ್ಸಿದ್ದೂ ಆಯ್ತು, ಡಬ್ಬ ತಂದಿದ್ದೂ ಆಯ್ತು. ಇವಳನ್ನ ಎಬ್ಬಿಸಿ ತೋಟಕ್ಕೆ ಕಳ್ಸು. ಚಿಕ್ಕವಳ ಕಾಲೇಜಿನ ಮಾತು ಇನ್ನು ಎತ್ತಬೇಡ.”

“ಶ್! ಮೆತ್ತಗೆ ಮಾತಾಡು.” ದೊಡ್ಡಮ್ಮ ಹುಳದ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು. “ಹುಟ್ಟಿದಾಗಿಂದ ಹುಳ ನೋಡಿದೀಯ, ಇಷ್ಟು ಗೊತ್ತಾಗಲ್ವಾ ನಿನಗೆ? ಹುಡುಗಿ ಜ್ವರಕ್ಕೆ ಕೂತವ್ಳೆ. ಗೊತ್ತಿಲ್ದೋರು ಸತ್ತೋಯ್ತು ಅಂತ ಎತ್ತಿ ತಿಪ್ಪೇಗೆ ಹಾಕ್ತಾರೆ. ನೀನೂ ಹಾಕ್ತೀಯಾ? ಒಳಗೆ ಬೆಳೆದವ್ಳೆ ಕಣಪ್ಪಾ, ಹಳೇ ಚರ್ಮ ಸಾಲ್ತಾ ಇಲ್ಲ ಅವಳಿಗೆ. ಯಾರೂ ಮುಟ್ಬೇಡಿ. ಏಳ್ತಾಳೆ.”

ಅಪ್ಪ ಬೀಡಿ ಹಚ್ಚಲು ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು. ಆಮೇಲೆ ಏನನ್ನಿಸಿತೋ, ಕಡ್ಡಿ ಆರಿಸಿ ಎದ್ದು, ಹಿತ್ತಲು ದಾಟಿ ಹುಣಸೆ ಮರದ ಆಚೆ ಹೋದ. ದೊಡ್ಡಮ್ಮ ಅಡಿಗೆಮನೆಗೆ ಹೋದಳು; ಒಗ್ಗರಣೆಯ ಸದ್ದು ಬಂತು, ಮೆಣಸಿನಕಾಯಿ ಘಾಟು ಬರಲಿಲ್ಲ. ಆಗ ನಮ್ಮ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಬೆಳೆ ಮುಗಿದು, ಗೂಡು ಮಾರಿ, ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟಾಗಿತ್ತು.

ನಾನು ಎದ್ದು ಕೂತೆ. ದೊಡ್ಡಮ್ಮ ಒಂದು ಬಟ್ಟಲಲ್ಲಿ ಮೆತ್ತಗೆ ಕಲಸಿದ ಮೊಸರನ್ನ ತಂದು ಮುಂದಿಟ್ಟಳು. “ಎದ್ದ ಹುಳಕ್ಕೆ ಮೊದಲು ಎಳೇ ಸೊಪ್ಪು ಹಾಕ್ಬೇಕು” ಅಂದಳು, ನನ್ನ ಮುಖ ನೋಡದೆ.

ಮುಂದಿನ ತಿಂಗಳು ಮಾಲೂರಿನ ಕೆಲಸ ಸಿಕ್ಕಿತು. ತಂಗಿ ಕಾಲೇಜು ಸೇರಿದಳು, ನನಗಿಂತ ಹೆಚ್ಚೇ ಓದಿದಳು. ದೊಡ್ಡಮ್ಮ ಈಗಿಲ್ಲ. ಆದರೆ ಆ ರಾತ್ರಿ ಮೊಸರನ್ನ ತಿಂದು ಮುಗಿಸಿ, ಖಾಲಿ ಹುಳುಮನೆಗೆ ಹೋಗಿ, ಕಂಪ್ಯೂಟರು ಹಚ್ಚಿ ನಾನು ಟೈಪು ಮಾಡಲು ಕೂತದ್ದು ನೆನಪಿದೆ. ಬೆರಳುಗಳಿಗೆ ಎಲ್ಲಿಂದ ಬಂತೋ ಆ ವೇಗ, ಸರಸರ ಸರಸರ ಓಡುತ್ತಿದ್ದವು. ಹೊಸ್ತಿಲ ಮೇಲೆ ದೊಡ್ಡಮ್ಮ ನನಗೆ ಬೆನ್ನುಮಾಡಿ ಕೂತಿದ್ದಳು. ಅಪ್ಪ ಬಂದು ಏನೋ ಕೇಳಲು ಬಾಯಿ ತೆರೆದ.

ದೊಡ್ಡಮ್ಮ ಬಾಯಿ ಮೇಲೆ ಬೆರಳಿಟ್ಟಳು.

“ಶ್... ತಿಂತಾ ಅವ್ಳೆ.”